ಒಂದು ಲೋಟ ಕೊಳದ ನೀರು

ನನ್ನ ಭಾವನಿಗೆ ನೀರೆಂದರೆ ಒಂದೇ ಪ್ರಶ್ನೆ: ಸೋರುತ್ತದೆಯೋ ಇಲ್ಲವೋ. ಹದಿನೈದು ವರ್ಷಗಳಿಂದ ತಾರಸಿಗಳ ಮೇಲೆ ರಬ್ಬರ್ ಶೀಟು ಹಾಸಿ ಮಳೆಯನ್ನು ಹೊರಗಿಡುವುದೇ ಅವರ ಕಸುಬು. ಮನೆಗೆ ಅಂಟಿಕೊಂಡೇ ಇರುವ ಅವರ ವರ್ಕ್‌ಶಾಪಿನಲ್ಲಿ ಆ ಶೀಟನ್ನು ಅಳೆದು, ಕತ್ತರಿಸಿ, ಅಂಟಿಸುವವಳು ನಾನು. ಮಾತಾಡುವವರು ಅವರು. ನನ್ನ ಬಾಯಿಂದ ಮಾತು ಬರುವುದು ಕಡಿಮೆಯೆಂದು ನನಗೆ ‘ಮೂಗಿ’ ಎಂದು ಹೆಸರಿಟ್ಟಿದ್ದಾರೆ. ಹಾಗೆ ಕರೆದರೂ ಓಗೊಡುತ್ತಿದ್ದೆ. ಅದು ನನ್ನದೇ ತಪ್ಪು.

ಅಪ್ಪ ತೀರಿಕೊಂಡು, ಬಾಡಿಗೆ ಮನೆ ಬಿಟ್ಟು ಅಕ್ಕನ ಮನೆಗೆ ಬಂದಾಗ ನಾನು ತಂದದ್ದು ಒಂದು ಚೀಲ ಬಟ್ಟೆ ಮತ್ತು ಅಪ್ಪನ ಹನ್ನೊಂದು ಕೋಯಿ, ಕೊಳದಲ್ಲಿ ಸಾಕುವ ಬಣ್ಣದ ಮೀನು. ಬೆರಳುದ್ದ ಇದ್ದಾಗಿನಿಂದ ಅಪ್ಪ ಸಾಕಿದವು, ಈಗ ಒಂದೊಂದೂ ಮೊಳದುದ್ದ. ಎಲ್ಲಕ್ಕಿಂತ ದೊಡ್ಡದಕ್ಕೆ ಬಿಳಿ ಮೈ, ಹಣೆಯ ಮೇಲೆ ಕೆಂಪು ಮಚ್ಚೆ. ನನ್ನ ಬೆರಳು ಕಂಡರೆ ಸಾಕು, ಬಾಯಿ ತೆರೆದುಕೊಂಡು ಬರುತ್ತದೆ. ಅಪ್ಪ ಅದನ್ನು ‘ಯಜಮಾನ’ ಎನ್ನುತ್ತಿದ್ದರು. ಒಂದು ವರ್ಷದಿಂದ ಹನ್ನೊಂದೂ ವರ್ಕ್‌ಶಾಪಿನ ಹಿಂದೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಒಂದಕ್ಕೊಂದು ಮೈ ಉಜ್ಜಿಕೊಂಡು ಬದುಕಿದ್ದವು.

ಹಾಗಾಗಿ ಆಫೀಸಿನ ಮುಂದೆ ಕೊಳ ತೋಡಿಸುತ್ತೇನೆ ಎಂದು ಭಾವ ಹೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಆಮೇಲೆ ಕಾರಣ ತಿಳಿಯಿತು. ಒಂದು ಹೋಟೆಲಿನ ಮಾಲೀಕರಿಗೆ ತಮ್ಮ ಅಂಗಳದಲ್ಲಿ ಮೀನಿನ ಕೊಳ ಬೇಕಿತ್ತು. ಸೋಮವಾರ ಬಂದು ಭಾವನ ಕೆಲಸ ನೋಡುವವರಿದ್ದರು.

ಕಾರಣ ಏನಾದರೂ ಇರಲಿ, ಮೀನುಗಳಿಗೆ ಜಾಗ ಸಿಗುತ್ತದಲ್ಲ ಎಂದುಕೊಂಡು ಗುಂಡಿಯನ್ನು ನಾನೇ ಅಳೆದೆ. ಚೂಪು ಕಲ್ಲುಗಳನ್ನು ಹೆಕ್ಕಿ ತೆಗೆದು ತಳಕ್ಕೆ ಹಳೆಯ ಕಾರ್ಪೆಟ್ಟು ಹಾಸಿದೆ. ಟಾರ್ಪಾಲು ಬಿಸಿಲಿಗೆ ಒಂದೇ ವರ್ಷದಲ್ಲಿ ಸೀಳುತ್ತದೆ. ಸಿಮೆಂಟು ಬಿರುಕು ಬಿಡುತ್ತದೆ, ಅಪ್ಪನ ಕೊಳವೇ ಹಾಗೆ ಎರಡು ಸಲ ಬಿಟ್ಟಿತ್ತು. ಮೀನಿನ ಕೊಳಕ್ಕೆಂದೇ ಮಾಡಿದ ದಪ್ಪ ರಬ್ಬರ್ ಶೀಟು ಸಿಗುತ್ತದೆ, ಇಪ್ಪತ್ತು ವರ್ಷ ಯೋಚನೆಯಿಲ್ಲ. ಆದರೆ ತರಿಸಲು ಒಂದು ವಾರ ಬೇಕು ಎಂದಿದ್ದರು ಅಂಗಡಿಯವರು. ಭಾವನಿಗೆ ವಾರವಿರಲಿಲ್ಲ. ಬುಧವಾರ ಗೋದಾಮಿನಿಂದ ತಾರಸಿಯ ಶೀಟಿನ ಸುರುಳಿಯನ್ನು ಉರುಳಿಸಿಕೊಂಡು ಬಂದರು.

“ಭಾವ, ಇದು ತಾರಸೀದು.”

“ಆದ್ರೇನು? ಹೊರಗಿನ ನೀರು ತಡೆಯೋ ಶೀಟು ಒಳಗಿನ ನೀರು ತಡೆಯಲ್ವಾ? ತಾನು ಯಾವ ಕಡೆ ಇದೀನಿ ಅಂತ ನೀರಿಗೇನು ಗೊತ್ತು?” ಎಂದು ತಮ್ಮ ಮಾತಿಗೆ ತಾವೇ ನಕ್ಕರು.

“ಪಾಚಿ ಕಟ್ಟದ ಹಾಗೆ ಇದಕ್ಕೆ ಔಷಧಿ ಬೆರೆಸಿರ್ತಾರಲ್ವಾ? ಮೀನಿಗೆ...”

“ಅಬ್ಬಾ, ಮೂಗಿ ಬಾಯಿ ಬಿಟ್ಲು! ಏಳನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟೋಳು ನಂಗೆ ಶೀಟಿನ ಪಾಠ ಹೇಳ್ತಾಳೆ. ಅಂಟಿಸಮ್ಮ, ಅಂಟಿಸು.”

ಅಂಟಿಸಿದೆ. ನೆನೆದರೆ ಈಗಲೂ ಈ ಕೈಗಳಿಗೆ ಬರೆ ಹಾಕಿಕೊಳ್ಳಬೇಕೆನಿಸುತ್ತದೆ. ಆದರೆ ಉಳಿದ ಚೂರನ್ನು ಎಸೆಯಲಿಲ್ಲ. ಎರಡು ಬಕೆಟ್ಟಿಗೆ ಒಂದೇ ನಲ್ಲಿಯ ನೀರು ತುಂಬಿ, ನೀರಿನ ಡ್ರಮ್ಮಿನಲ್ಲಿ ಸೊಳ್ಳೆ ಮರಿ ತಿನ್ನಲೆಂದು ಬಿಟ್ಟಿದ್ದ ಪುಟ್ಟ ಮೀನುಗಳನ್ನು ಮೂರು ಮೂರು ಹಾಕಿದೆ. ಒಂದು ಬಕೆಟ್ಟಿಗೆ ಮಾತ್ರ ಶೀಟಿನ ಚೂರು ಹಾಕಿದೆ.

ಶುಕ್ರವಾರ ಬೆಳಗ್ಗೆ ಒಂದರಲ್ಲಿ ಮೂರೂ ಅಟ್ಟಿಸಿಕೊಂಡು ಆಡುತ್ತಿದ್ದವು. ಶೀಟಿದ್ದ ಬಕೆಟ್ಟಿನಲ್ಲಿ ಮೂರೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೇಳಿಸಿಕೊಳ್ಳದವರಿಗೆ ತೋರಿಸಲೆಂದು ಮೂರು ಜೀವ ತೆಗೆದಿದ್ದೆ. ಎರಡೂ ಬಕೆಟ್ಟನ್ನು ಭಾವ ತಿಂಡಿ ತಿನ್ನುತ್ತಿದ್ದ ಮೇಜಿನ ಮೇಲೆ ಧಡ್ಡನೆ ಇಟ್ಟೆ.

“ಇಷ್ಟೇ ಇಷ್ಟುದ್ದ ಮೀನು ಸಾಯದೆ ಇನ್ನೇನು ಮಾಡುತ್ತೆ?” ಎಂದರು ಭಾವ. “ಇವತ್ತು ಕೊಳ ತುಂಬ್ಸು. ನಾಳೆ ಬೆಳಗ್ಗೆ ನಿನ್ನ ಹನ್ನೊಂದನ್ನೂ ಬಿಡೋಣ. ಸೋಮವಾರ ಪಳಪಳ ಅಂತ ಕಾಣಿಸಿದ್ರೆ ಸಾಕು. ಆಮೇಲೆ ಹೆಚ್ಚುಕಮ್ಮಿ ಆದ್ರೆ ಬೇರೆ ತಂದ್ರಾಯ್ತು.”

ಬೇರೆ ತಂದರಾಯಿತಂತೆ!

ಅಕ್ಕನ ಮುಖ ನೋಡಿದೆ. ಅವಳೂ ಅಪ್ಪನ ಮಗಳೇ. “ಹೋಗ್ಲಿ ಬಿಡೇ,” ಎಂದಳು. “ಮೀನು ತಾನೆ? ಅದಕ್ಕೋಸ್ಕರ ಮನೇಲಿ ರಂಪ ಯಾಕೆ?”

ಭಾವನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಹೊರಗೆ ಹೋಗಿ ಕೊಳಕ್ಕೆ ನೀರಿನ ಪೈಪು ಬಿಟ್ಟು ನಿಂತೆ. ಒಳಗೆ ಭಾವ ಯಾವುದೋ ತಾರಸಿಯ ಗಿರಾಕಿಯೊಂದಿಗೆ ಫೋನಿನಲ್ಲಿದ್ದರು. ದಿನವೂ ಕೇಳುವ ಅದೇ ಮಾತು ಇವತ್ತು ಬೇರೆಯಾಗಿ ಕೇಳಿಸಿತು: “ಮೊದಲ ನಾಲ್ಕು ಮಳೆ ನೀರನ್ನ ಕುಡಿಯೋಕೆ ಹಿಡಿದಿಟ್ಕೋಬೇಡಿ ಸಾರ್. ಶೀಟಿನ ಔಷಧಿ ತೊಳೆದು ಹೋಗ್ಲಿ.”

ಪೈಪು ನನ್ನ ಕೈಯಿಂದ ಜಾರಿತು. ಇವರಿಗೆ ಗೊತ್ತಿದೆ. ಮೊದಲಿನಿಂದಲೂ ಗೊತ್ತಿದೆ.

ಶನಿವಾರ ಬೆಳಗ್ಗೆ ಭಾವ ಬಲೆ ಹಿಡಿದು ತೊಟ್ಟಿಯತ್ತ ಹೊರಟರು. ನಾನು ಕೊಳದಲ್ಲಿ ಒಂದು ಲೋಟ ನೀರು ಮೊಗೆದು ತೊಟ್ಟಿಯ ಮುಂದೆ ಅವರಿಗೆ ಅಡ್ಡ ನಿಂತೆ.

“ಇದನ್ನ ಕುಡೀರಿ ಭಾವ.”

“ತಲೆ ಕೆಟ್ಟಿದೆಯಾ?”

“ನೀರು ನೀರೇ ಅಲ್ವಾ? ಕುಡೀರಿ. ಆಮೇಲೆ ಮೀನು ಬಿಡಿ.” ಲೋಟವನ್ನು ಅವರ ಬಾಯಿಯ ಹತ್ತಿರ ಹಿಡಿದೆ. “ಒಂದೇ ಒಂದು ಗುಟುಕು.”

“ದಾರಿ ಬಿಡು ಮೂಗಿ.”

ಗಲಾಟೆ ಕೇಳಿ ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದಳು. “ಬೆಳಬೆಳಗ್ಗೆ ಏನು ನಿಮ್ಮಿಬ್ಬರದು! ಕೊಡೇ ಇಲ್ಲಿ, ನಾನೇ ಕುಡೀತೀನಿ. ಇಬ್ರೂ ಬಾಯಿ ಮುಚ್ಚಿ.” ನನ್ನ ಕೈಯಿಂದ ಲೋಟ ಕಿತ್ತುಕೊಂಡು ಬಾಯಿಗೆ ಎತ್ತಿದಳು.

ಭಾವ ಬಲೆ ಎಸೆದು ಅವಳ ಕೈಗೆ ಹೊಡೆದರು. ಲೋಟ ಹಾರಿ ಬಿದ್ದು ಉರುಳುತ್ತಾ ಹೋಯಿತು.

ಅಕ್ಕ ಒದ್ದೆಯಾದ ಕೈಯನ್ನೇ ನೋಡಿಕೊಂಡಳು. “ನಿಮಗೆ ಗೊತ್ತಿತ್ತು,” ಎಂದಳು.

“ಅದು... ಸ್ವಲ್ಪವೇ ಇರೋದು. ಮನುಷ್ಯರಿಗೇನೂ ಆಗಲ್ಲ.”

“ಹಾಗಾದ್ರೆ ನನ್ನ ಕೈಗೆ ಯಾಕೆ ಹೊಡೆದ್ರಿ?”

ಅಕ್ಕನ ಕಣ್ಣು ತೊಟ್ಟಿಯ ಕಡೆ ಹೋಯಿತು. ಯಜಮಾನ ನೀರಿನ ಮೇಲೆ ಬಾಯಿ ತೆರೆದು ಕಾಯುತ್ತಿತ್ತು. “ಅಪ್ಪ ಸಾಕಿದ್ದು ಕಣ್ರೀ ಅವು,” ಎಂದಳು. ಅದನ್ನು ಹೇಳಲು ಅವಳಿಗೆ ಇಷ್ಟು ಹೊತ್ತು ಬೇಕಾಯಿತು.

ನಾನು ಶೀಟು ಕತ್ತರಿಸುವ ಬ್ಲೇಡು ತೆಗೆದುಕೊಂಡು ಕೊಳಕ್ಕಿಳಿದೆ. ತೊಡೆಯವರೆಗೆ ನೀರು. ನಾನೇ ಅಂಟಿಸಿದ ಜೋಡಣೆ, ಎಲ್ಲಿದೆಯೆಂದು ಹುಡುಕಬೇಕಿರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಸೀಳಿದೆ. ಯಾರೂ ತಡೆಯಲಿಲ್ಲ.

ಸೋಮವಾರ ಹೋಟೆಲಿನವರು ನೋಡಿದ್ದು ಹರಿದ ಶೀಟು, ಕೆಸರು ಮತ್ತು ಗುಂಡಿ. ಕೆಲಸ ನಡೀತಿದೆ ಸಾರ್ ಎಂದರು ಭಾವ. ಹೋಟೆಲಿನ ಮಾಲೀಕರು ಕಾರಿನಿಂದ ಎರಡನೇ ಕಾಲು ಇಳಿಸಲೇ ಇಲ್ಲ.

ಅಂಗಡಿಯವರಿಗೆ ಹೇಳಿ ತರಿಸಿದ ಮೀನಿನ ಕೊಳದ ಶೀಟು ಮುಂದಿನ ವಾರ ಬಂತು. ಅಂಗೈಯಗಲ ಕತ್ತರಿಸಿ ಬಕೆಟ್ಟಿಗೆ ಹಾಕಿದ್ದೇನೆ. ಮತ್ತೆ ಎರಡು ಬಕೆಟ್ಟು, ಮೂರು ಮೂರು ಪುಟ್ಟ ಮೀನು.

“ಮೀನಿಗೆ ಅಂತ ಅದರ ಮೇಲೇ ಬರೆದಿದೆಯಲ್ಲ,” ಎಂದು ಗೊಣಗಿದರು ಭಾವ. “ಇನ್ನೂ ಎಷ್ಟು ದಿನ ಮೂಗಿ?”

ನಾನು ಓಗೊಡಲಿಲ್ಲ.

ಇವತ್ತಿಗೆ ಮೂರು ದಿನ. ಆರೂ ಮೀನು ಚೆನ್ನಾಗಿವೆ. ಇವತ್ತೇ ಶೀಟು ಅಂಟಿಸಬಹುದು. ಆದರೆ ಯಾವಾಗ ಅಂಟಿಸುತ್ತೇನೋ ಎಂದು ಭಾವ ಬಾಗಿಲಲ್ಲಿ ನಿಂತು ನಿಂತು ಹೋಗುತ್ತಿದ್ದಾರೆ. ನಾಳೆ ನೋಡೋಣ. ಅವರು ಇನ್ನೊಂದು ದಿನ ನಿಂತಿರಲಿ.