ಶೆಟ್ಟಿ ಅಂಗಡಿಯ ಅಕ್ಕಿ

ಟಣ್ ಎಂದು ಏನೋ ಬಿದ್ದು, ನೆಲದ ಮೇಲೆ ಉರುಳುತ್ತ ಹೋಗಿ ಮಂಚದ ಕಾಲಿಗೆ ತಾಗಿ ನಿಂತಿತು. ರಾತ್ರಿ ಹನ್ನೆರಡು ದಾಟಿತ್ತು. ಬೊಂಬೆ ಪ್ರದರ್ಶನದಿಂದ ತಂದ ಬಟ್ಟೆಚೀಲವನ್ನು ನಾನು ಕೊಡವುತ್ತಿದ್ದೆ. ಬಗ್ಗಿ ನೋಡಿದರೆ ಬೋರಿಕ್ ಪುಡಿಯ ಡಬ್ಬಿಯ ಮುಚ್ಚಳ. ಡಬ್ಬಿ ಚೀಲದ ತಳದಲ್ಲಿತ್ತು, ಖಾಲಿ.

ಶೆಟ್ಟಿ ಅಂಗಡಿಯ ಅಕ್ಕಿಯನ್ನು ನಾನು ಎಸೆದಿರಲಿಲ್ಲ ಎಂಬುದು ಆಗ ನೆನಪಾಯಿತು.

ವಿಶಾಖಪಟ್ಟಣದ ನಮ್ಮ ಕನ್ನಡ ಸಂಘ ಈ ದಸರೆಗೆ ಹತ್ತು ದಿನ ಬೊಂಬೆ ಕೂರಿಸಿ, ಸಂಜೆ ಹಾಡು, ನೃತ್ಯ ಇಟ್ಟುಕೊಂಡಿತ್ತು. ಟಿಕೆಟ್ ಇಲ್ಲ. ನೋಡಲು ಬರುವವರು ಒಂದು ಕಿಲೋ ಅಕ್ಕಿಯನ್ನೋ ಬೇಳೆಯನ್ನೋ ತರಬೇಕು. ಅದೆಲ್ಲ ಊರಂಚಿನ ದುವ್ವಾಡದಲ್ಲಿ ಸಂಘ ನಡೆಸುವ ಧಾನ್ಯದ ಕೋಣೆಗೆ. ಕಷ್ಟದಲ್ಲಿರುವವರು ಯಾರು ಬೇಕಾದರೂ ಅಲ್ಲಿಗೆ ಬಂದು ಒಂದು ಚೀಲ ಒಯ್ಯಬಹುದು. ಹೆಸರು ಕೇಳುವುದಿಲ್ಲ, ಯಾರು ಒಯ್ದರೆಂದು ನೋಡುವುದೂ ಇಲ್ಲ. ಆ ನಿಯಮ ಬರೆದು ಬಾಗಿಲಿಗೆ ಅಂಟಿಸಿದವಳು ನಾನೇ.

ಬೊಂಬೆ ಸಾಲಿನ ಕೆಳಗಿನ ಮೆಟ್ಟಿಲಲ್ಲಿ ದಿನಸಿ ಅಂಗಡಿ ಇಟ್ಟ ಶೆಟ್ಟಿ, ಶೆಟ್ಟಮ್ಮನ ಬೊಂಬೆಗಳು ಕೂತಿದ್ದವು. ಅವರ ಮುಂದೆ ಎರಡು ಕಿಲೋ ನಿಜವಾದ ಅಕ್ಕಿಯ ರಾಶಿ ಹಾಕಿದ್ದೆ. ಸಭಾಂಗಣದಲ್ಲಿ ಜಿರಳೆ ಕಾಟ. ಮೂರನೆಯ ದಿನ ಯಾರಿಗೂ ಹೇಳದೆ ಆ ರಾಶಿಗೆ ಒಂದು ಡಬ್ಬಿ ಬೋರಿಕ್ ಪುಡಿ ಪೂರ್ತಿ ಕಲಸಿದೆ. ತುಮಕೂರಿನ ನನ್ನ ತವರಿನಲ್ಲಿ ಶೆಟ್ಟಿ ಅಂಗಡಿಯ ಅಕ್ಕಿಯನ್ನು ಯಾರೂ ತಿನ್ನುತ್ತಿರಲಿಲ್ಲ. ಹತ್ತು ದಿನ ಧೂಳು ಕುಡಿದ ಅಕ್ಕಿ, ಕೊನೆಗೆ ಕಸಕ್ಕೆ. ಎಲ್ಲ ಮನೆಗಳಲ್ಲೂ ಹಾಗೆಯೇ ಎಂದುಕೊಂಡಿದ್ದೆ.

ದಶಮಿಯ ಬೆಳಗ್ಗೆ ಬೊಂಬೆ ಎತ್ತಿಡುವಾಗ ಜೊತೆಗಿದ್ದವರು ಸೂರ್ಯಕಾಂತಮ್ಮ. ತೆಲುಗಿನವರು, ಕನ್ನಡದ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಗಿದೆ. ಹೊತ್ತಲ್ಲದ ಹೊತ್ತಿಗೆ ಫೋನ್ ಮಾಡಿ ಅವರನ್ನು ಎಬ್ಬಿಸಿದೆ. ಅಕ್ಕಿ ಏನಾಯಿತು ಎಂದಷ್ಟೇ ಕೇಳಿದೆ. ಪುಡಿಯ ಮಾತು ಎತ್ತಲಿಲ್ಲ.

"ಅದನ್ನ ಬಿಡ್ತೀನಾ ಅಮ್ಮಾ? ನಮ್ಮ ತಾಯಿಮನೇಲಿ ಶೆಟ್ಟಿ ಅಕ್ಕಿನೇ ಮೊದಲ ದಾನ. ಚೀಲಕ್ಕೆ ತುಂಬಿ ಅರಿಶಿನದ ದಾರ ಕಟ್ಟಿದೆ. ರಾಜ್ಯಶ್ರೀ ತಗೊಂಡು ಹೋದಳು. ಅವಳ ಪಕ್ಕದ ಮನೇಲಿ ಯಾರಿಗೋ ಬೇಕಂತೆ." ಆಮೇಲೆ ನಕ್ಕರು. "ನಿನ್ನ ಗಂಡ ಹಡಗಿನ ಕೆಲಸದಲ್ಲಿ ರಾತ್ರಿಯೆಲ್ಲ ಎಚ್ಚರ ಇರ್ತಾನೆ ಅಂತ ನೀನೂ ಕಾವಲು ಕೂತಿದೀಯಾ?"

ರಾಜ್ಯಶ್ರೀ ವಿಜಯವಾಡದ ನೃತ್ಯದ ಟೀಚರು. ತಾಯಿಯ ಕಡೆಯಿಂದ ಕನ್ನಡದವಳು. ನವಮಿಯ ಸಂಜೆ ಅವಳ ಶಿಷ್ಯೆಯರು ಕುಣಿದಿದ್ದರು. ಅವಳು ಒಂದು ದಿನ ಹೆಚ್ಚಿಗೆ ಉಳಿದು, ದಶಮಿಯ ಮಧ್ಯಾಹ್ನದ ರೈಲಿಗೆ ಹೊರಟಿದ್ದಳು. ಅವಳ ನಂಬರು ಒತ್ತಿದೆ. ಈ ನಂಬರಿಗೆ ಒಳಬರುವ ಕರೆಗಳ ಸೌಲಭ್ಯವಿಲ್ಲ ಎಂದು ರೆಕಾರ್ಡ್ ಮಾಡಿದ ದನಿ ಹೇಳಿತು. ಮತ್ತೆ ಮತ್ತೆ ಒತ್ತಿದೆ, ಮತ್ತೆ ಅದೇ ದನಿ.

ಸಂಘದ ಅಧ್ಯಕ್ಷ ಶಿವಲಿಂಗಪ್ಪನವರಿಗೆ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ನೆಂಟರಿದ್ದರು. ಅವರಿಗೆ ಒಂದು ಫೋನ್ ಮಾಡಿದ್ದರೆ ಬೆಳಗಾಗುವುದರೊಳಗೆ ಯಾರಾದರೂ ಅವಳ ಮನೆಗೆ ಹೋಗಿ ಬರುತ್ತಿದ್ದರು. ನಾನು ಮಾಡಲಿಲ್ಲ. ಬಡವರ ಅಕ್ಕಿಗೆ ವಿಷ ಬೆರೆಸಿದವಳು ಎಂದು ಸಂಘದ ತುಂಬ ಮಾತಾಗುತ್ತದೆ ಎಂಬುದೇ ತಲೆಯಲ್ಲಿ ತುಂಬಿತ್ತು. ಬೆಳಗ್ಗೆ ದುವ್ವಾಡದಲ್ಲಿ ವಿಜಯವಾಡದ ಕಡೆಗೆ ಸಿಕ್ಕ ಮೊದಲ ರೈಲು ಹತ್ತಿದೆ. ಮಧ್ಯಾಹ್ನದ ಅಡುಗೆಗೆ ಮುಂಚೆ ತಲುಪಬೇಕಿತ್ತು. ರೈಲು ದಾರಿಯಲ್ಲಿ ಎರಡು ಕಡೆ ಸುಮ್ಮನೆ ನಿಂತಿತು. ನಿಂತಾಗಲೆಲ್ಲ ಎಲ್ಲೋ ಒಂದು ಕುಕ್ಕರ್ ಕೂಗಿದಂತೆ ಕೇಳುತ್ತಿತ್ತು.

ಸಂಘದ ಪಟ್ಟಿಯಲ್ಲಿದ್ದ ವಿಳಾಸ ಹಿಡಿದು ಹೋದೆ: ಆಟೋನಗರ್ ಹಿಂದಿನ ಬೀದಿ, ಲಾರಿ ಬಾಡಿ ಕಟ್ಟುವ ಶೆಡ್ಡುಗಳ ಪಕ್ಕದ ಎರಡು ಕೋಣೆಯ ಮನೆ. ಡ್ಯಾನ್ಸ್ ಕ್ಲಾಸಿನ ಬೋರ್ಡು ಗೋಡೆಗೆ ಮುಖ ಮಾಡಿ ಒರಗಿತ್ತು. ಬಾಗಿಲು ತೆರೆದ ರಾಜ್ಯಶ್ರೀಯ ಕೈಯಲ್ಲಿ ಒದ್ದೆ ಟವೆಲ್ಲು.

"ಅಕ್ಕಾ, ನೀವು ಇಲ್ಲಿ?"

ಅವಳ ಹಿಂದೆ ಮೋರಿಯ ಹತ್ತಿರ ಹತ್ತು ವರ್ಷದ ಮಗಳು ಉಷಶ್ರೀ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಒಳಗೆ ರಾಜ್ಯಶ್ರೀಯ ಗಂಡ ಫಣಿ ಬಲಗೈಗೆ ದೊಡ್ಡ ಕಟ್ಟು ಹಾಕಿಸಿಕೊಂಡು ಮಲಗಿದ್ದ. ಒಲೆಯ ಪಕ್ಕದಲ್ಲಿ ಬಿಚ್ಚಿದ ಚೀಲ, ಅರಿಶಿನದ ದಾರ. ಬೇರೆ ಡಬ್ಬಿಗಳೆಲ್ಲ ಖಾಲಿ ಇದ್ದವು, ಬಾಯಿ ತೆರೆದುಕೊಂಡು. ಪಕ್ಕದ ಮನೆಯವರು ಯಾರು ಎಂದು ನಾನು ಕೇಳಲಿಲ್ಲ. ಅವಳಿಗೆ ಫೋನು ಯಾಕೆ ಹೋಗಲಿಲ್ಲ ಎಂಬುದೂ ತಿಳಿಯಿತು, ರೀಚಾರ್ಜ್ ಮಾಡಿಸಲು ದುಡ್ಡಿರಲಿಲ್ಲ.

ಪುಡಿಯ ವಿಷಯ ಹೇಳಿದೆ. ಅವಳು ಕೂಗಾಡಲಿಲ್ಲ. ಪ್ರಸಾದದ ಅಕ್ಕಿ ಅಂತ ಒಂದೇ ನೀರಲ್ಲಿ ತೊಳೆದೆ ಎಂದಳು. ಮಗಳಿಗೆ ಹಸಿವು, ಮೊದಲು ಅವಳಿಗೆ ಬಡಿಸಿದ್ದಳು. ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಓಡಿದೆವು. ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಅವಳ ಹಣೆ ತಣ್ಣಗಿತ್ತು.

ಡಾಕ್ಟರು ಎಷ್ಟು ತಿಂದಳು, ಯಾವಾಗ ತಿಂದಳು ಎಂದು ಕೇಳಿ ಬರೆದುಕೊಂಡರು. ಆಮೇಲೆ ಆ ಪುಡಿ ಅಕ್ಕಿಗೆ ಹೇಗೆ ಬಂತು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ರಾಜ್ಯಶ್ರೀ ತೆಲುಗಿನಲ್ಲಿ, ನಾನೇ ಹಾಕಿದ್ದೆ ಸರ್, ಹುಳ ಹಿಡಿಯಬಾರದು ಅಂತ, ಸರಿಯಾಗಿ ತೊಳೆಯಲಿಲ್ಲ ಎಂದುಬಿಟ್ಟಳು. ಡಾಕ್ಟರು ಅವಳನ್ನು ಚೆನ್ನಾಗಿ ಬೈದರು. ಓದಿದವರ ಹಾಗೆ ಕಾಣುತ್ತೀರಿ, ಮಗುವಿನ ತಟ್ಟೆಗೆ ಏನು ಹಾಕುತ್ತೀರಿ ಅನ್ನುವ ಜ್ಞಾನ ಬೇಡವೇ ಎಂದರು. ಅವಳು ತಲೆ ತಗ್ಗಿಸಿ ಕೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಹೊರಗೆ ಬೆಂಚಿನ ಮೇಲೆ ಕೂತಾಗ, ನಾನು ಒಳಗೆ ಹೋಗಿ ನಿಜ ಹೇಳುತ್ತೇನೆ, ಸಂಘಕ್ಕೂ ಹೇಳುತ್ತೇನೆ ಎಂದೆ.

"ಹೇಳಿದರೆ ಅಕ್ಕಿ ಯಾರು ತಿಂದರು ಅಂತ ಕೇಳ್ತಾರೆ," ಎಂದಳು ರಾಜ್ಯಶ್ರೀ. "ಇವರ ಕೈ ವಾಸಿಯಾದರೆ ನಮ್ಮ ಮನೆ ಸರಿಹೋಗುತ್ತೆ ಅಕ್ಕ. ಆದರೆ ಅನ್ನಕ್ಕೆ ಕೈ ಚಾಚಿದ ಟೀಚರ ಹತ್ತಿರ ಯಾರು ಮಕ್ಕಳನ್ನ ಕಳಿಸ್ತಾರೆ? ಮುಂದಿನ ವರ್ಷ ನಾನು ಅದೇ ಸ್ಟೇಜ್ ಹತ್ತಬೇಕು. ಬೈಸಿಕೊಂಡಿದ್ದು ಆಯ್ತಲ್ಲ, ಬಿಡಿ."

ಸಂಜೆಯ ಹೊತ್ತಿಗೆ ಉಷಶ್ರೀ ಎಳನೀರು ಕುಡಿದು, ವಾಂತಿಯಾಗದೆ ಮಲಗಿದಳು. ಅಪಾಯವೇನೂ ಇಲ್ಲ, ಬೆಳಗಿನವರೆಗೆ ನೋಡೋಣ ಎಂದರು ಡಾಕ್ಟರು. ನಾನೂ ಅಲ್ಲೇ ಉಳಿದೆ. ಚೀಲದಲ್ಲಿ ಉಳಿದಿದ್ದ ಅಕ್ಕಿಯನ್ನು ಅಷ್ಟರಲ್ಲಿ ಅವರ ಮನೆಯಿಂದ ತಂದು, ಗಂಟು ಬಿಗಿದು ಕಸದ ಡಬ್ಬಿಗೆ ಹಾಕಿದ್ದೆ. ಬೇರೆ ಅಕ್ಕಿ ತಂದುಕೊಟ್ಟಾಗ ಅವಳು ಬೇಡ ಎನ್ನಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ರಾತ್ರಿ ಸೂರ್ಯಕಾಂತಮ್ಮನವರ ಫೋನು ಬಂತು. ಎಲ್ಲಿದ್ದೀ, ಆ ಅಕ್ಕಿ ವಿಷಯ ಅಷ್ಟು ಹೊತ್ತಲ್ಲಿ ಯಾಕೆ ಕೇಳಿದೆ, ಕೊನೆಗೆ ಅದು ಯಾರ ಮನೆ ಸೇರಿತಂತೆ ಎಂದು ಒಂದೇ ಉಸಿರಿಗೆ ಕೇಳಿದರು. ಕಣ್ಣೆದುರಿಗೆ ರಾಜ್ಯಶ್ರೀ ಮಗಳ ಕಾಲು ಒತ್ತುತ್ತ ಕೂತಿದ್ದಳು, ಕಿವಿ ಇತ್ತಲೇ ಇತ್ತು. ನಾನು ಬಾಯಿ ಮುಚ್ಚಿಕೊಂಡರೆ ಇವಳ ಮಾನ ಉಳಿಯುತ್ತದೆ. ನನ್ನದೂ ಉಳಿಯುತ್ತದೆ. ಇವೆರಡರಲ್ಲಿ ಯಾವುದಕ್ಕಾಗಿ ಮುಚ್ಚಿಕೊಳ್ಳುತ್ತಿದ್ದೇನೆ ಎಂದು ಆ ಹೊತ್ತಿಗೂ ನನಗೆ ಖಾತ್ರಿಯಿರಲಿಲ್ಲ.

"ಯಾರು ಒಯ್ದರು ಅಂತ ನಾವು ನೋಡೋದಿಲ್ಲವಲ್ಲ ಅಮ್ಮಾ," ಎಂದೆ.

ಅವರು, ಮುಂದಿನ ವರ್ಷ ಶೆಟ್ಟಿಗೆ ಹೊಸ ಪೇಟ ಮಾಡಿಸಬೇಕು ಎಂದರು. ಹೂಂ ಎಂದು ಫೋನಿಟ್ಟೆ. ಶಿವಲಿಂಗಪ್ಪನವರಿಗೆ ಹೇಳುವುದಿಲ್ಲ. ಹಡಗು ದಡಕ್ಕೆ ಬಂದ ಮೇಲೆ ಗಂಡನಿಗೂ ಹೇಳುವುದಿಲ್ಲ. ಮುಂದಿನ ದಸರೆಗೆ ಶೆಟ್ಟಿಯ ಮುಂದೆ ರಾಶಿ ಹಾಕುವವಳು ನಾನೇ, ಎತ್ತುವವಳೂ ನಾನೇ. ಯಾರಾದರೂ ಯಾಕೆ ಎಂದು ಕೇಳಿದರೂ ಹೇಳುವುದಿಲ್ಲ.