ಕುಂತವರು ಸುಟ್ಟ ಕ್ಯಾಲೊರಿ

ರಾಯದುರ್ಗದ ಜೀನ್ಸ್ ಹೊಲಿಗೆಯವರ ಜಿಮ್ಮಿನಲ್ಲಿ ಹೆಂಗಸರಿಗೆ ಸಂಜೆ ಒಂದೇ ತಾಸು. ಅದರ ಮೇಲೂ ಗಂಡಸರ ಕಣ್ಣು ಬಿತ್ತು. ಮಾಲೀಕ ಲೋಕನಾಥ್ ತೀರ್ಪಿನ ದಾರಿ ಹುಡುಕಿದ.

"ಡಂಬೆಲ್, ಬಸ್ಕಿ, ರಾಟೆ ಎಳ್ಯೋದು, ಒಂದರ ಹಿಂದೊಂದು ಎಲ್ಲರಿಗೂ ಸುತ್ತು ಹಾಕ್ಸು. ಹೆಚ್ಚು ಕ್ಯಾಲೊರಿ ಸುಟ್ಟೋರಿಗೆ ಆ ತಾಸು."

ತರಬೇತುದಾರ ತಿರುಮಲೇಶ್ ಮಡಕಶಿರಾದವನು, ಸಂಜೆ ಕಾಲೇಜಿನಲ್ಲಿ ಓದಿದವನು, ಹಾಕಿದ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವವನು. "ಗಂಡಸರ ಮೈತೂಕ ಜಾಸ್ತಿ ಸಾರ್, ಒಟ್ಟು ಲೆಕ್ಕದಾಗೆ ಅವ್ರೇ ಗೆಲ್ತಾರೆ. ತೂಕದಿಂದ ಭಾಗಿಸಿದ್ರೆ ಅಂಥಾ ಫರಕಿರಲ್ಲ" ಎಂದ.

"ಭಾಗಾಕಾರ ಬ್ಯಾಡಪಾ, ಕೂಡೋದಷ್ಟ ಮಾಡು."

ಕ್ಯಾಲೊರಿ ತೋರಿಸುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಬೇಕು. ಹೆಂಗಸರ ಮಣಿಕಟ್ಟಿನ ತುಂಬ ಬಳೆ. ಹಳೆಯ ಹೊಲಿಗೆಗಾತಿ ಪೆದ್ದಮ್ಮ, ಪ್ಯಾಂಟಿನ ಸೊಂಟಕ್ಕೆ ಹಾಕುವ ಇಲಾಸ್ಟಿಕ್ ತಂದು ಹೆಂಗಸರೆಲ್ಲರ ಪಟ್ಟಿಯನ್ನೂ ಪಾದದ ಮೇಲ್ಗಡೆ ಬಿಗಿದಳು. ಕಾಲೂ ಮೈಯೇ ತಾನೇ ಎಂದು ತಿರುಮಲೇಶ್ ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಸುತ್ತು ಮುಗಿಸಿ ಹೆಂಗಸರು ನೀರು ಕುಡಿಯಲು ಬೆಂಚಿನ ಮೇಲೆ ಕುಂತರು. ಕುಂತದ್ದೇ ತಡ, ವರ್ಷಗಟ್ಟಲೆ ಮಷೀನು ತುಳಿದ ಕಾಲುಗಳು ತಾವಾಗಿ ಶುರುವಾದವು. ಡಂಬೆಲ್ ಎತ್ತುವಾಗ ಸುಮ್ಮನಿದ್ದ ಪೆದ್ದಮ್ಮನ ಪಾದ ಈಗ ಕಾಣದ ಪ್ಯಾಂಟುಗಳನ್ನು ಹೊಲಿದು ಗುಡ್ಡೆ ಹಾಕಿತು. ಪಟ್ಟಿಯ ಲೆಕ್ಕದಲ್ಲಿ ಗಂಡಸರೆಲ್ಲ ಸೇರಿ ಸುಟ್ಟದ್ದಕ್ಕಿಂತ ಅವಳೊಬ್ಬಳೇ ಹೆಚ್ಚು ಸುಟ್ಟಿದ್ದಳು.

"ನನ್ನ ಸೊಂಟ ಹಿಡದೈತಿ, ಆಕಿ ಕುಂತು ಗೆದ್ಲಾ!" ಎಂದ ಬಟ್ಟೆ ಕತ್ತರಿಸುವ ಚೌಡೇಶ.

"ಸುಮ್ನಿರ್ರಿ ಸಾರ್, ನಮ್ಮ ತಾಸು ಉಳೀತು" ಎಂದು ಹೊಲಿಗೆಯ ಪ್ರಸನ್ನಲಕ್ಷ್ಮಿ ತಿರುಮಲೇಶನ ಕಿವಿಯಲ್ಲಿ ಪಿಸುಗುಟ್ಟಿದಳು.

ಸುಮ್ಮನಿದ್ದರೆ ಸುಳ್ಳು, ಬಾಯಿಬಿಟ್ಟರೆ ಹೆಂಗಸರ ಪಾಲಿಗೆ ದ್ರೋಹ. ತಿರುಮಲೇಶ್ ಬಸ್ಕಿ ಹೊಡೆಯದೆಯೇ ಬೆವತ. ಕಡೆಗೆ ಬಾಯಿಬಿಟ್ಟ. "ಪಟ್ಟಿ ಕಾಲಿಗಿತ್ತು ಸಾರ್. ಅದು ಕಾಲಾಡ್ಸಿದ ಲೆಕ್ಕ."

ಪ್ರಸನ್ನಲಕ್ಷ್ಮಿ ಅವನನ್ನು ನುಂಗುವಂತೆ ನೋಡಿದಳು. ಲೋಕನಾಥ್ ಮಾತ್ರ ಗಡ್ಡ ಕೆರೆದು, "ಹಂಗಾದ್ರ ಗಂಡಸರ ಕಾಲಿಗೂ ಕಟ್ಟು. ನ್ಯಾಯ ಅಂದ್ರ ನ್ಯಾಯ" ಎಂದ.

ಆದರೆ ಗಂಡಸರೆಲ್ಲ ಕತ್ತರಿಯವರು, ಇಸ್ತ್ರಿಯವರು, ದಿನವಿಡೀ ನಿಂತು ದುಡಿಯುವವರು. ಕುಂತೊಡನೆ ಅವರ ಕಾಲುಗಳು ನಿದ್ದೆಹೋದವು. ಬಲವಂತವಾಗಿ ಆಡಿಸಿದ ಚೌಡೇಶನ ಮೀನಖಂಡ ಹಿಡಿದುಕೊಂಡಿತು. ಪಟ್ಟಿಯ ಅಂಕಿಗಳು ಮಿಸುಕಲಿಲ್ಲ.

"ಹೆಂಗಸರ ತಾಸು ಹೆಂಗಸರಿಗೇ" ಎಂದ ಲೋಕನಾಥ್. "ಗಂಡಸರ ತಾಸಿನ್ಯಾಗೂ ಪೆದ್ದಮ್ಮ ಬರ್ಲಿ. ಇವರಿಗೆ ಕುಂದ್ರೋದು ಕಲಿಸ್ಲಿ."

ಮರುದಿನ ಡಂಬೆಲ್‌ಗಳು ಮೂಲೆ ಸೇರಿದ್ದವು. ಬೆಂಚಿನ ತುಂಬ ಗಂಡಸರು, ಎದುರಿಗೆ ಪೆದ್ದಮ್ಮ. ಇದು ಯಾವ ಪಾಠದಲ್ಲೂ ಇರಲಿಲ್ಲವಲ್ಲ ಎಂದು ಕಳವಳಪಡುತ್ತಲೇ ತಿರುಮಲೇಶ್ ಸೀಟಿ ಊದಿದ.

"ಪೆದ್ದಮ್ಮ, ಸ್ವಲ್ಪ ನಿಧಾನ್ರೀ, ಏದುಸಿರು ಬರಾಕತ್ತೈತಿ" ಎಂದ ಚೌಡೇಶ.

"ಇನ್ನಾ ಜೇಬೇ ಮುಗ್ದಿಲ್ಲಪಾ, ತುಳಿ."