ಸೇಬಿನ ಗಿಡಕ್ಕೆ ಅಕ್ಕಡಿ

ವ್ಯಾಪಾರಕ್ಕೆಂದು ಚಳ್ಳಕೆರೆಗೆ ಬಂದಿದ್ದ ಮಾವ, ಬೆಂಗಳೂರಿಗೆ ಮರಳುವ ಮುನ್ನ ಮಗಳನ್ನು ನೋಡಲು ಮೊಳಕಾಲ್ಮೂರಿಗೆ ಬರುವವರಿದ್ದರು. ಹಿತ್ತಲು ಅಚ್ಚುಕಟ್ಟಾಗಿರಲೆಂದು ನೂರ್ ಅಹಮ್ಮದ್ ಹಿಂದಿನ ದಿನವೇ ಕುಡುಗೋಲು ಹಿಡಿದ. ಅಂಗಡಿಯಲ್ಲಿ ರೇಷ್ಮೆ ಸೀರೆ ಬಿಚ್ಚಿ ಮಡಿಸುವ ಕೈಗೆ ಆ ಕೆಲಸ ಹೊಸದು. ಹೊತ್ತು ನೆತ್ತಿಗೇರುವಷ್ಟರಲ್ಲಿ ತೊಗರಿ, ಅವರೆ, ಚೆಂಡುಹೂವು ಎಲ್ಲ ನೆಲ ಕಚ್ಚಿದ್ದವು. ಬೋಳು ಕೆಂಪು ಮಣ್ಣಿನಲ್ಲಿ ಎರಡು ಸೇಬಿನ ಸಸಿಗಳು ಮಾತ್ರ ನಿಂತಿದ್ದವು. ಈಗ ನೋಡಲು ಎಷ್ಟು ಚೆಂದ ಅನ್ನಿಸಿತು ಅವನಿಗೆ.

ಆ ಸಸಿಗಳನ್ನು ಹೆಂಡತಿ ಕುಲ್ಸುಮ್ ಬೀ ತವರಿನಿಂದ ತಂದಿದ್ದಳು. ಪ್ಲೇಗಿನಲ್ಲಿ ತೀರಿಕೊಂಡ ಅವಳ ತಾಯಿ ಬೆಂಗಳೂರಿನ ಅಂಗಳದಲ್ಲಿ ಬೆಳೆಸಿದ್ದ ಮರದ ಕಸಿ ಅವು. ಪಕ್ಕದೂರಿನ ನೆಂಟರ ಮನೆಯಿಂದ ಮರಳಿದ ಅವಳು ಹಿತ್ತಲನ್ನು ನೋಡಿದಳು. ಸಂಜೆಗೆ ಒಂದು ಸಸಿಯ ಎಲೆ ಬಿಸಿಲಿಗೆ ಸುಟ್ಟು ಮುದುಡಿತು.

"ಅಬ್ಬಾ ಜೊತೆ ನಾನೂ ಹೋಗ್ತೀನಿ," ಉರ್ದುವಿನಲ್ಲಿ ಅಂದಳು, ಅಷ್ಟೇ.

ನೂರ್ ಅಹಮ್ಮದನಿಗೆ ದಿಕ್ಕು ತೋಚಲಿಲ್ಲ. ಪಕ್ಕದ ಮನೆಯ ಕೊಲ್ಲಾಪುರಮ್ಮನ ಬಾಗಿಲಿಗೆ ಹೋದ.

"ಏನ್ ಸಾಬ್ರೇ, ಕಳೆ ಕಿತ್ರಂತೆ?"

"ಕಳೆ ಅಂದ್ಕೊಂಡೆ ಅಕ್ಕ."

"ದಿನಾ ತೊಗರಿಬ್ಯಾಳೆ ಉಣ್ತೀರಿ, ತೊಗರಿಗಿಡದ ಗುರ್ತಿಲ್ಲ! ಸಜ್ಜೆ ಸಾಲಿನ ನಡುವೆ ಅಕ್ಕಡಿ ಅಂತ ಬ್ಯಾರೆ ಬೆಳೆ ಹಾಕಲ್ವಾ, ಹಂಗೆ ನಾನೂ ಅವಳೂ ಸೇಬಿನ ಸುತ್ತ ಹಾಕಿದ್ವಿ. ಬಿಸಿಲಿಗೆ ನೆರಳು, ಬುಡಕ್ಕೆ ತಂಪು."

"ಅವಳು ಹೋಗ್ತೀನಿ ಅಂತಾಳೆ."

ಕೊಲ್ಲಾಪುರಮ್ಮನ ಮುಖದ ನಗು ಇಳಿಯಿತು. "ಅವಳ ಮಾತು ನಂಗೆ ಬರಲ್ಲ, ನನ್ ಮಾತು ಅವಳಿಗೆ ಬರಲ್ಲ. ಆದ್ರೂ ಬೆಳಗಾದ್ರೆ ಇಬ್ರೂ ಆ ಮಣ್ಣಾಗೆ ಕುಂತಿರ್ತಿದ್ವಿ. ಈ ಊರಾಗೆ ಅವಳಿಗೆ ಇನ್ಯಾರವ್ರೆ?"

"ನಾನಿಲ್ವಾ?"

"ನೀವಾ? ನೀವು ಯಾವಾಗ್ಲೂ ಅಂಗಡ್ಯಾಗೆ ಇರ್ತೀರಿ."

ಬರಿಯ ಗಿಡ ಕಿತ್ತೆ ಅಂದುಕೊಂಡಿದ್ದ ಅವನು. ಕಿತ್ತದ್ದು ಏನೆಂದು ಈಗ ತಿಳಿಯಿತು.

ಬೆಳಗ್ಗೆ ಕೊಲ್ಲಾಪುರಮ್ಮ ಸೆಣಬಿನ ಬೀಜ ತಂದಳು. ತೊಗರಿಗಿಂತ ಅದು ಬೇಗ ಏಳುತ್ತದಂತೆ. ನೂರ್ ಅಹಮ್ಮದ್ ನಾಲ್ಕು ಕೋಲು ನೆಟ್ಟು, ಉಳಿದ ಸಸಿಯ ಮೇಲೆ ಈಚಲು ಚಾಪೆ ಕಟ್ಟಿದ. ಆಮೇಲೆ ಮಣ್ಣಿನಲ್ಲಿ ಮಂಡಿಯೂರಿ ಬೀಜ ಹಾಕತೊಡಗಿದ.

ಮಾವನ ಗಾಡಿ ಬಂದು ನಿಂತಿತು. ಕುಲ್ಸುಮ್ ಬೀ ಬಟ್ಟೆಯ ಗಂಟು ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಗಂಡ ಬೀಜವನ್ನೆಲ್ಲ ಒಂದೇ ಕಡೆ ಸುರಿಯುತ್ತಿದ್ದ.

"ಅಯ್ಯೋ ಸಾಬ್ರೇ, ಕೋಳಿಗೆ ಕಾಳು ಹಾಕ್ತಿದೀರಾ?" ಕೊಲ್ಲಾಪುರಮ್ಮ ಗದರಿದಳು.

ಮಾತು ಅರ್ಥವಾಗದಿದ್ದರೂ ಕುಲ್ಸುಮ್ ಬೀಗೆ ನಗು ತಡೆಯಲಾಗಲಿಲ್ಲ. ಗಂಟು ಕೆಳಗಿಟ್ಟು, ಸೆರಗು ಸಿಕ್ಕಿಸಿ ಬಂದು, ಅವನ ಮುಷ್ಟಿಯಿಂದ ಬೀಜ ಬಿಡಿಸಿಕೊಂಡಳು.

"ಹೊರಡೋಣವೇನಮ್ಮ?" ಮಾವ ಕರೆದರು.

"ಇದು ಮೊಳೆಯಲಿ ಅಬ್ಬಾ. ಆಮೇಲೆ ನೋಡೋಣ."

ನೂರ್ ಅಹಮ್ಮದ್ ಕೊಡ ಎತ್ತಿಕೊಂಡು ಬಾವಿಗೆ ನಡೆದ. ಅವತ್ತು ಅಂಗಡಿಯ ಬಾಗಿಲು ತೆರೆಯಲಿಲ್ಲ.